ನಿಮ್ಮೂರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ?

ಹೊಸಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಪ್ರಾಂಶುಪಾಲರ ಕೊಠಡಿಯ ಬಾಗಿಲ ಪಕ್ಕ ಒಂದು ಮರದ ಸ್ಟೂಲ್ ಇದೆ. ಅದರ ಮೇಲೆ ಅಟೆಂಡರ್ ಕಾಂತರಾಜು ಕೂರುತ್ತಾರೆ. ಯಾವ ಯಾವ ವಿಷಯ ತೆಗೆದುಕೊಳ್ಳಬಹುದು ಎಂಬ ಪಟ್ಟಿಯನ್ನು ಪ್ರವೇಶದ ದಿನಗಳಲ್ಲಿ ಅವರ ಬೆನ್ನ ಹಿಂದಿನ ಗೋಡೆಗೆ ಅಂಟಿಸಿರುತ್ತಾರೆ. ಮಕ್ಕಳನ್ನು ಸೇರಿಸಲು ಬಂದವರು ಅವರ ತಲೆಯ ಆಚೀಚೆ ಇಣುಕಿ ಪಟ್ಟಿ ಓದುತ್ತಾರೆ, ಇನ್ನೊಂದು ಸಲ ಓದುತ್ತಾರೆ, ಕೊನೆಗೆ ಅಲ್ಲಿ ಕೂತವರನ್ನೇ ಕೇಳುತ್ತಾರೆ: "ಯಾವ್ದು ತಗೊಂಡ್ರೆ ಒಳ್ಳೇದು ಸಾರ್?"

ಕಾಂತರಾಜು ಅಂಕಪಟ್ಟಿ ನೋಡುವುದಿಲ್ಲ. ಅವರದು ಒಂದೇ ಪ್ರಶ್ನೆ.

"ನಿಮ್ಮೂರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ?"

ಮೂರೂಕಾಲು ಎಂದರೆ ಬಿ.ಎ. ನಾಲ್ಕೂವರೆ ಎಂದರೆ ಬಿ.ಕಾಂ. ಐದೂವರೆಯ ಮೇಲೂ ಬಸ್ಸಿದ್ದರೆ ಮಾತ್ರ ಬಿ.ಎಸ್ಸಿ., ಏಕೆಂದರೆ ವಿಜ್ಞಾನದವರಿಗೆ ಮಧ್ಯಾಹ್ನ ಪ್ರಾಕ್ಟಿಕಲ್ ಇರುತ್ತದೆ, ಅದು ಐದಕ್ಕೆ ಮೊದಲು ಮುಗಿದದ್ದಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವರು ಹೀಗೆ ಹೇಳುತ್ತ ಬಂದಿದ್ದಾರೆ. ಎಷ್ಟು ಜನ ಕೇಳಿದರು, ಎಷ್ಟು ಜನ ಬಿಟ್ಟರು ಎಂಬುದು ಅವರಿಗೂ ಗೊತ್ತಿಲ್ಲ. ಯಾರೂ ತಿರುಗಿ ಬಂದು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಅವರಿಗೆ ಈಗ ಐವತ್ತೊಂದು. ಊರು ಜಡಿಗೇನಹಳ್ಳಿಯ ಹತ್ತಿರ. ತಂದೆ ಚಿಕ್ಕಬೀರಪ್ಪ ಕುರಿ ಮಂದೆ, ರಾಗಿ ಹೊಲ ನೋಡಿಕೊಂಡಿದ್ದವರು. ಪಿಯುಸಿಯಲ್ಲಿ ಕಾಂತರಾಜು ವಿಜ್ಞಾನ ತೆಗೆದುಕೊಂಡಿದ್ದರು. ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗಿರುತ್ತಿತ್ತು. ಕೆಲವು ತಿಂಗಳು ಅರ್ಧ ದಾರಿ ಯಾರದೋ ಟೆಂಪೋದಲ್ಲಿ, ಇನ್ನರ್ಧ ನಡೆದು ಮನೆ ಸೇರಿದರು. ಆಮೇಲೆ ಪ್ರಾಕ್ಟಿಕಲ್ ಬಿಟ್ಟು ಬಸ್ಸು ಹಿಡಿಯತೊಡಗಿದರು. ಎರಡನೇ ವರ್ಷ ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಅವರ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಮಗಳು ಹರ್ಷಿತ ಮೂರು ವರ್ಷದ ಹಿಂದೆ ಅದೇ ಕಾಲೇಜಿಗೆ ಸೇರುವಾಗ ಆ ಪ್ರಶ್ನೆ ಬರಲೇ ಇಲ್ಲ. ಅವಳಿಗೆ ಬಸ್ಸು ಬೇಕಿರಲಿಲ್ಲ, ಅಪ್ಪನ ಸ್ಕೂಟರ್ ಇತ್ತು. ಅಪ್ಪನ ಡ್ಯೂಟಿ ಐದೂವರೆಗೆ ಮುಗಿಯುತ್ತಿತ್ತು. ಹಾಗಾಗಿ ಬಿ.ಎಸ್ಸಿ.: ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ.

ಈ ವರ್ಷ ಅವಳ ಆರನೇ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿದ್ದಾಗ, ಪ್ರಾಣಿಶಾಸ್ತ್ರದ ದಿನ ಬೆಳಿಗ್ಗೆ, ಸ್ಕೂಟರಿನ ಹಿಂದಿನ ಸೀಟಿನಿಂದ ಹರ್ಷಿತ ಕರೆದಳು.

"ಅಪ್ಪಾ, ಎಂಎಸ್ಸಿನಾ ಬಿಎಡ್ಡಾ?"

"ಇವತ್ತಿನ ಪೇಪರ್ ಬರಿಯವ್ವಾ ಮೊದ್ಲು."

"ಪೇಪರ್ ಬರೀತೀನಿ. ಊರೋರಿಗೆಲ್ಲ ನಿಂತ ಕಾಲಲ್ಲಿ ಹೇಳ್ತೀಯ. ನಂಗೆ ಹೇಳು."

ಕಾಂತರಾಜು ಮನಸ್ಸಿನಲ್ಲೇ ತಮ್ಮ ಪ್ರಶ್ನೆಯನ್ನು ಮಗಳ ಮೇಲೆ ಹಾಕಿ ನೋಡಿದರು. ಎಂ.ಎಸ್ಸಿ. ಎಂದರೆ ವಿಶ್ವವಿದ್ಯಾಲಯದ ಆವರಣ, ಎರಡು ಬಸ್ಸು ಬದಲಿಸಬೇಕು. ಬಿ.ಎಡ್. ಕಾಲೇಜು ಹೊಸಕೋಟೆಯಲ್ಲೇ ಇದೆ, ಅಲ್ಲಿಗೆ ಬಸ್ಸಿಗೆ ಕಾಯಬೇಕಾಗಿಲ್ಲ.

"ಬಿಎಡ್ ಮಾಡು," ಎಂದರು.

"ಯಾಕೆ?"

"ಹತ್ರ ಐತೆ."

ಕಾಲೇಜಿನ ಗೇಟು ಬಂತು. ಹರ್ಷಿತ ಇಳಿದು, ಹಾಲ್ ಟಿಕೆಟ್ ಕೈಗೆ ತೆಗೆದುಕೊಂಡು, ಆಮೇಲೆ ಕೇಳಿದಳು.

"ನಂಗೆ ಸೈನ್ಸ್ ಯಾಕೆ ಕೊಡ್ಸಿದ್ದು ನೀನು?"

"ನಿಂಗಿಷ್ಟ ಇತ್ತಲ್ಲ."

"ಇಷ್ಟ ಇತ್ತು ಅಂತ ನಾನು ಯಾವತ್ತು ಹೇಳ್ದೆ? ನೀನು ಐದೂವರೆ ತನಕ ಇಲ್ಲಿರ್ತಿದ್ದೆ. ಅದಕ್ಕೆ ಸೈನ್ಸ್."

ಅವಳು ಒಳಗೆ ಹೋದಳು. ಮಗಳು ಪರೀಕ್ಷೆ ಬರೆಯುವ ದಿನ ಕಾಂತರಾಜು ಪ್ರಶ್ನೆಪತ್ರಿಕೆಯ ಕಟ್ಟಿನ ಹತ್ತಿರ ಸುಳಿಯುವಂತಿಲ್ಲ, ಅವರಿಗೆ ಗೇಟಿನ ಕಾವಲು. ಅವರು ಅಲ್ಲಿ ಕುರ್ಚಿ ಹಾಕಿಕೊಂಡು ಮೂರು ವರ್ಷದ ಹಿಂದಿನ ಆ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಲು ನೋಡಿದರು. ಅರ್ಜಿ ತುಂಬಿದ್ದು ನೆನಪಿತ್ತು. ಫೋಟೊ ಅಂಟಿಸಲು ಗೋಂದು ಸಿಗದೆ ಅನ್ನದ ಅಗುಳು ಒತ್ತಿದ್ದು ನೆನಪಿತ್ತು. ಮಗಳು ಏನಾದರೂ ಹೇಳಿದ್ದಳೇ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಹನ್ನೊಂದರ ಸುಮಾರಿಗೆ ಒಬ್ಬ ಹೆಣ್ಣುಮಗಳು ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಕುತ್ತಿಗೆಯಲ್ಲಿ ಸರ್ಕಾರಿ ಗುರುತಿನ ಚೀಟಿ ಇತ್ತು. ಕಾಂತರಾಜು ಎದ್ದು ನಿಂತರು.

"ಪರೀಕ್ಷೆ ನಡೀತೈತೆ ಮೇಡಂ, ಆಫೀಸಿಗಾದ್ರೆ ಈ ಕಡೆಯಿಂದ..."

"ಯಾವ ಮೇಡಂ ಕಾಂತಣ್ಣ? ನಾನು ಭಾನುಪ್ರಿಯಾ. ಸೂಲಿಬೆಲೆ ಕಡೆಯೋಳು. ಮರೆತ್ಬಿಟ್ರಾ?"

ಮರೆತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ವಿಜ್ಞಾನವೇ ಬೇಕೆಂದು ಪಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಂಡ ಹುಡುಗಿ. ಊರಿನ ಬಸ್ಸು ಮೂರೂಕಾಲಿಗೆ. ಬಿ.ಎ. ಬರೆಸಿಕೊಂಡು ಹೋಗಿದ್ದಳು. ಈಗ ದೇವನಹಳ್ಳಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ. ವ್ಯಾಸಂಗ ಪ್ರಮಾಣಪತ್ರಕ್ಕೆಂದು ಬಂದಿದ್ದಳು.

ಬೇರೆ ದಿನವಾಗಿದ್ದರೆ ಕಾಂತರಾಜು ಸುಮ್ಮನಿರುತ್ತಿದ್ದರೇನೋ. ಅವತ್ತು ಕೇಳಿಬಿಟ್ಟರು.

"ನಿಂಗೆ ಆರ್ಟ್ಸ್ ತಗೊ ಅಂದೆನಲ್ಲ ಭಾನು, ಬಸ್ಸು ಮೂರೂಕಾಲಿಗೆ ಅಂತ. ತಪ್ಪು ಹೇಳ್ದೆನಾ?"

ಭಾನುಪ್ರಿಯಾ ನಕ್ಕಳು. "ಆ ಬಸ್ಸಾ? ನಾನು ಸೇರಿದ ಆರೇ ತಿಂಗಳಿಗೆ ಅದು ನಿಂತೋಯ್ತಲ್ಲ!"

"ನಿಂತೋಯ್ತಾ?"

"ಅದರ ಬದ್ಲು ಐದೂಮುಕ್ಕಾಲಿಗೆ ಒಂದು ಬಿಟ್ರು, ಆಮೇಲೆ ಅದೇ ಗತಿ. ಸೈನ್ಸಿನೋರು ಪ್ರಾಕ್ಟಿಕಲ್ ಮುಗ್ಸಿ ಬರೋ ತನಕ ನಾನು ಲೈಬ್ರರೀಲಿ ಕೂತಿರ್ತಿದ್ದೆ. ಎರಡೂವರೆ ವರ್ಷ. ಮಾಡೋಕೆ ಬೇರೆ ಏನೂ ಇಲ್ದೆ ಕಾಂಪಿಟೇಟಿವ್ ಪುಸ್ತಕ ಓದ್ದೆ. ಕೆಲಸ ಸಿಕ್ತು."

"ಹಂಗಾದ್ರೆ ನಾನು ಹೇಳಿದ್ದು ಸರಿ ಆಯ್ತಾ?"

"ಅದು ನಂಗೂ ಗೊತ್ತಿಲ್ಲ ಕಾಂತಣ್ಣ," ಎಂದು ಅವಳು ಆಫೀಸಿನ ಕಡೆ ಹೋದಳು. ಎರಡು ಹೆಜ್ಜೆ ಹೋಗಿ ತಿರುಗಿ ಹೇಳಿದಳು: "ಈಗಲೂ ಒಂದೊಂದ್ಸಲ ಎಲ್ಲಾದ್ರೂ ಸೈನ್ಸ್ ಲ್ಯಾಬಿನ ವಾಸನೆ ಬಂದ್ರೆ ಹೊಟ್ಟೆ ಉರಿಯುತ್ತೆ."

ಗೇಟಿನ ಎದುರಿಗೆ ಮುನಿರಾಜ್‌ನ ಜೆರಾಕ್ಸ್ ಅಂಗಡಿ. ಕಾಲೇಜಿನ ಹುಡುಗರ ಆನ್‌ಲೈನ್ ಅರ್ಜಿಗಳನ್ನೆಲ್ಲ ತುಂಬುವವನು ಅವನೇ. ಅವನೂ ಇದೇ ಕಾಲೇಜಿನವನು. ಬಸ್ಸಿಲ್ಲ, ಬೇಡ ಎಂದು ಕಾಂತರಾಜು ಎಷ್ಟು ಹೇಳಿದರೂ ಕೇಳದೆ ಬಿ.ಎಸ್ಸಿ. ಮಾಡಿದವನು. ಚಹಾ ಹಿಡಿದು ಬಂದ ಅವನನ್ನೂ ಕಾಂತರಾಜು ಬಿಡಲಿಲ್ಲ.

"ಲೇ ಮುನಿರಾಜ, ಅವತ್ತು ನನ್ನ ಮಾತು ಕೇಳಿ ಬಿಎ ಮಾಡಿದ್ರೆ ಏನಾಗಿರ್ತಿದ್ದೆ?"

ಮುನಿರಾಜ್ ಯೋಚಿಸಿದ. "ಇದೇ ಅಂಗಡಿ ಇಟ್ಟಿರ್ತಿದ್ದೆ ಅಣ್ಣ. ಜಾಗ ನಮ್ಮ ಮಾವಂದಲ್ವಾ?"

ಆ ಸಂಜೆ ಮನೆಯಲ್ಲಿ ಕಾಂತರಾಜು ಇಬ್ಬರ ಕಥೆಯನ್ನೂ ಹೇಳಿದರು. ಹೆಂಡತಿ ಪ್ರಮೋದಾ ಹಸುವಿಗೆ ಬೂಸಾ ಕಲಸುತ್ತ ಕೇಳಿಸಿಕೊಂಡರು.

"ಬಸ್ಸು ನಿಂತಿದ್ದಕ್ಕೆ ಆ ಹುಡುಗಿ ಸೆಕ್ರೆಟರಿ ಆದ್ಲಾ? ಹಂಗಾದ್ರೆ ನಮ್ಮೂರ ಬಸ್ಸೂ ನಿಲ್ಲಿಸ್ಬಿಡ್ರಿ, ಎಲ್ಲಾ ಉದ್ಧಾರ ಆಗ್ಲಿ."

ಹರ್ಷಿತ ನಗಲಿಲ್ಲ. ಮುಂದಿನ ಪೇಪರ್ ಸಸ್ಯಶಾಸ್ತ್ರ. ಅವಳ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಪರೀಕ್ಷೆ ಬಂದರೆ ತರಗತಿಯ ಅರ್ಧ ಜನ ಅವಳಿಗೇ ಫೋನ್ ಮಾಡುತ್ತಾರೆ. ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಅವಳು ಯಾರಿಗೋ ಹೇಳುತ್ತಿದ್ದಳು: "ಮುಸುಕಿನ ಜೋಳದ ದಂಟು ಅಡ್ಡ ಕೊಯ್ದ್ರೆ ಚುಕ್ಕಿ ಚುಕ್ಕಿ ಕಾಣ್ಸುತ್ತಲ್ಲ, ನೀರು ಹೋಗೋ ನಾಳ ಅಂದ್ರೆ ಅವೇ ಕಣೇ. ಬಾಯಿಪಾಠ ಮಾಡ್ಬೇಡ, ಹಿತ್ಲಿಗೆ ಹೋಗಿ ಒಂದು ಕೊಯ್ದು ನೋಡು."

ಫೋನಿಟ್ಟು ಬಂದು ಅಪ್ಪನ ಪಕ್ಕ ಜಗುಲಿಯ ಮೇಲೆ ಕೂತಳು.

"ಬಿಎಡ್ ನಂಗಿಷ್ಟ ಅನ್ಸುತ್ತೆ ಅಪ್ಪ. ಹೇಳಿಕೊಡೋದು ನಂಗೆ ಬರುತ್ತೆ. ಆದ್ರೆ ನಿಜವಾಗ್ಲೂ ಇಷ್ಟಾನೋ, ಹತ್ರ ಐತೆ ಅಂತ ಇಷ್ಟಾನೋ ಗೊತ್ತಾಗ್ತಿಲ್ಲ. ಸೈನ್ಸೂ ಇಷ್ಟಾನೇ ಅಂದ್ಕೊಂಡಿದ್ದೆ, ನೋಡಿದ್ರೆ ಅದು ನಿನ್ನ ಡ್ಯೂಟಿ ಟೈಮು."

"ಎಂಎಸ್ಸಿಗೇ ಹಾಕು ಹಂಗಾದ್ರೆ," ಎಂದರು ಕಾಂತರಾಜು.

"ದೂರ ಐತೆ ಅಂತಾನಾ?" ಎಂದಳು ಹರ್ಷಿತ. "ಅದೂ ಬಸ್ಸಿನ ಲೆಕ್ಕವೇ ಆಯ್ತಲ್ಲ."

ಪರೀಕ್ಷೆ ಮುಗಿಯಿತು. ಫಲಿತಾಂಶ ಬಂದಾಗ ಅವಳಿಗೆ ಶೇಕಡ ಎಪ್ಪತ್ತೆಂಟು. ಎರಡು ಕಡೆಯ ಅರ್ಜಿಗೂ ಸಾಕಾಗುವಷ್ಟು. ಇದರಿಂದ ಯಾರಿಗೂ ಉಪಕಾರವಾಗಲಿಲ್ಲ. ಕಡಿಮೆ ಬಂದಿದ್ದರೆ ಎಂ.ಎಸ್ಸಿ. ಸೀಟು ಸಿಗುತ್ತಿರಲಿಲ್ಲ, ಗೊಂದಲ ಅಲ್ಲಿಗೇ ತೀರುತ್ತಿತ್ತು ಎಂದು ಕಾಂತರಾಜು ಒಮ್ಮೆ ಯೋಚಿಸಿದರು, ಯೋಚಿಸಿದ್ದಕ್ಕೆ ನಾಚಿಕೊಂಡರು. ಸಸ್ಯಶಾಸ್ತ್ರದ ಅಧ್ಯಾಪಕ ವೆಂಕಟರಮಣಪ್ಪ ಎಂ.ಎಸ್ಸಿ. ಎಂದರು, ಮರುದಿನ ಅವರೇ ಬಿ.ಎಡ್. ಕೂಡ ಕೆಟ್ಟದ್ದಲ್ಲ ಎಂದರು. ಎರಡೂ ಅರ್ಜಿಗಳಿಗೆ ಕೊನೆಯ ದಿನ ಶನಿವಾರ. ಎರಡಕ್ಕೂ ಹಾಕಿಟ್ಟಿರು ಎಂದು ಮುನಿರಾಜ್ ಹೇಳಿದರೆ ಹರ್ಷಿತ ಒಪ್ಪಲಿಲ್ಲ. "ಆಮೇಲೆ ಯಾವ್ದು ಮೊದ್ಲು ಬರುತ್ತೋ ಅದಕ್ಕೆ ಹೋಗ್ತೀನಿ. ಮತ್ತೆ ಯಾವ ಬಸ್ಸು ಮೊದ್ಲು ಬಂತು ಅಂತ ಹತ್ತಿದ ಹಂಗೆ."

ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಂತರಾಜು ರಸ್ತೆ ದಾಟಿ ಅಂಗಡಿಗೆ ಹೋದರು. ಹರ್ಷಿತ ಮುನಿರಾಜ್‌ನ ಪಕ್ಕ ಕೂತು ಪರದೆ ನೋಡುತ್ತಿದ್ದಳು. ಬಿ.ಎಡ್. ಅರ್ಜಿ. ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಹಾಕಬೇಕಿತ್ತು. ಮೊದಲನೆಯದು ಮೈಸೂರು. ಎರಡನೆಯದು ತುಮಕೂರು. ಆಮೇಲೆ ಬೆಂಗಳೂರಿನ ಎರಡು. ಹೊಸಕೋಟೆ ಎಲ್ಲಕ್ಕಿಂತ ಕೆಳಗಿತ್ತು.

"ಹತ್ರದ್ದು ಕೊನೇಗೆ ಯಾಕವ್ವಾ?" ಎಂದರು ಕಾಂತರಾಜು.

"ಮೂರು ದಿನ ಹತ್ರದ ಕಾಲೇಜು ಇಲ್ವೇ ಇಲ್ಲ ಅಂದ್ಕೊಂಡು ನೋಡ್ದೆ ಅಪ್ಪ. ಬಿಎಡ್ ಇರೋದೇ ಮೈಸೂರಲ್ಲಿ, ಹಾಸ್ಟೆಲ್ಲಲ್ಲಿ ಇರ್ಬೇಕು, ಭಾನುವಾರ ಬಟ್ಟೆ ನಾನೇ ಒಗೀಬೇಕು ಅಂತೆಲ್ಲ. ಆದ್ರೂ ಬಿಎಡ್ಡೇ ಬೇಕು ಅನ್ನಿಸ್ತು."

"ಪೂರ್ತಿ ಅನ್ನಿಸ್ತಾ?"

"ಪೂರ್ತಿ ಇಲ್ಲ. ಮುಕ್ಕಾಲು."

ಮುನಿರಾಜ್ ಮೌಸಿನ ಮೇಲೆ ಬೆರಳಿಟ್ಟು ಕಾದ. "ಒತ್ಲಾ ಅಣ್ಣ? ಮೂರ್ಗಂಟೆ ಆದ್ರೆ ಸರ್ವರ್ ಸುಸ್ತಾಗ್ಬಿಡ್ತದೆ."

"ನನ್ನ ಯಾಕ್ ಕೇಳ್ತೀಯ, ಅವಳನ್ನ ಕೇಳು," ಎಂದರು ಕಾಂತರಾಜು. ಆದರೆ ಬಾಯಿ ಸುಮ್ಮನಿರಲಿಲ್ಲ. "ಮೈಸೂರಿಂದ ಇತ್ಲಾಗೆ ಕೊನೇ ಬಸ್ಸು ಎಷ್ಟೊತ್ತಿಗೆ?"

ಹರ್ಷಿತ ಅಪ್ಪನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ಅವಳೇ ಕೈ ಚಾಚಿ ಗುಂಡಿ ಒತ್ತಿದಳು.

ಸೀಟು ಎಲ್ಲಿ ಸಿಗುತ್ತದೆ ಎಂಬುದು ಇನ್ನೂ ತಿಳಿಯಬೇಕಿತ್ತು. ಸೋಮವಾರ ಕಾಂತರಾಜು ಎಂದಿನಂತೆ ಸ್ಟೂಲಿನ ಮೇಲಿದ್ದರು. ಬೆನ್ನ ಹಿಂದೆ ಹೊಸ ವರ್ಷದ ಪಟ್ಟಿ. ಹತ್ತು ಗಂಟೆಗೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ನಿಂತರು.

"ಯಾವ್ದು ತಗೊಂಡ್ರೆ ಒಳ್ಳೇದು ಸಾರ್?"

"ಯಾವೂರು? ಕೊನೇ ಬಸ್ಸು ಎಷ್ಟೊತ್ತಿಗೆ?"

"ನಾಲ್ಕೂವರೆಗೆ ಸಾರ್."

ಬಿ.ಕಾಂ. ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕಾಂತರಾಜು ಅದನ್ನು ಹೇಳದೆ ಹುಡುಗಿಯ ಕಡೆ ತಿರುಗಿದರು.

"ಎಲ್ಲಾ ಹೊತ್ತಿಗೂ ಬಸ್ಸೈತೆ ಅಂದ್ಕೊಳವ್ವ. ಆಗ ಏನ್ ತಗೊತೀಯ?"

ಹುಡುಗಿ ತಾಯಿಯನ್ನು ನೋಡಿದಳು. ತಾಯಿ ಕಾಂತರಾಜು ಅವರನ್ನು ನೋಡಿದರು. "ಆದ್ರೆ ಇಲ್ವಲ್ಲ ಸಾರ್ ಬಸ್ಸು," ಎಂದರು.

"ಇಲ್ಲ, ಅದೂ ನಿಜ," ಎಂದರು ಕಾಂತರಾಜು. ಅವರು ಎದ್ದು, ಸ್ಟೂಲನ್ನು ಬಾಗಿಲ ಇನ್ನೊಂದು ಬದಿಗೆ ಎಳೆದುಕೊಂಡು ಕೂತರು. ಹುಡುಗಿ ಹತ್ತಿರ ಹೋಗಿ ಪಟ್ಟಿಯನ್ನು ಮೇಲಿನಿಂದ ಓದತೊಡಗಿದಳು.