ಷಡ್ಡಕನ ಪಿಕಪ್

ಕಳೆದ ವರ್ಷ ಯುಗಾದಿ ಮುಗಿದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ, ಹಾಸನದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಟೀ ಅಂಗಡಿಯೊಂದರ ಮುಂದೆ ಬಿಳಿ ಪಿಕಪ್ ಒಂದು ನಿಂತಿತು. ಅದರ ಹಿಂದೆ ಮೆಣಸಿನಕಾಯಿ ಮತ್ತು ಟೊಮೆಟೊ ಸಸಿಗಳ ಟ್ರೇಗಳಿದ್ದವು. ಚಾಲಕ ಎಂಜಿನ್ ಆಫ್ ಮಾಡಿ ಇಳಿದು ಟೀ ಕುಡಿದ. ವಾಪಸ್ ಬಂದು ಕೀ ತಿರುಗಿಸಿದಾಗ ಗಾಡಿ ಸ್ಟಾರ್ಟ್ ಆಗಲಿಲ್ಲ.

ಚಾಲಕನೂ ಮಾಲೀಕನೂ ಒಬ್ಬನೇ: ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಸಸಿಗಳು ನಮ್ಮಿಬ್ಬರ ಮಾವನ ನರ್ಸರಿಯವು. ಸುದ್ದಿ ಫೋನಿನಲ್ಲಿ ಬಂದಾಗ ನಾನು ಶಾಂತಿಗ್ರಾಮದ ಡೈರಿಯ ಮುಂದೆ ನನ್ನ ಪಿಕಪ್ಪಿನಿಂದ ಪಶು ಆಹಾರದ ಮೂಟೆ ಇಳಿಸುತ್ತಿದ್ದೆ. ಮೊದಲು ಆದದ್ದು ಸಂತೋಷ. ಗಾಬರಿ ಆಮೇಲೆ ಬಂತು.

ನಮ್ಮಿಬ್ಬರ ಗಾಡಿಗಳೂ ಒಂದೇ ಮಾಡೆಲ್, ಒಂದೇ ಬಣ್ಣ. ಹಾಸನದ ಒಂದೇ ಶೋರೂಮಿನಲ್ಲಿ ಒಂದೇ ವಾರದಲ್ಲಿ ಕೊಂಡದ್ದು. ನಾನು ಅದಕ್ಕೆ ಮುಂಚೆ ಪತ್ರಿಕೆಯೊಂದರ ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದೆ. ಆ ಪುಟ ನಿಂತ ಮೇಲೆ ಚನ್ನರಾಯಪಟ್ಟಣದಲ್ಲಿ ಗಾಡಿ ಇಟ್ಟುಕೊಂಡೆ. ಅವನು ಹೊಳೆನರಸೀಪುರದವನು, ಹುಟ್ಟಿದಾಗಿನಿಂದ ಟ್ರ್ಯಾಕ್ಟರುಗಳ ಮಧ್ಯೆ ಬೆಳೆದವನು. ಮಾವನ ನರ್ಸರಿ ಇರುವುದು ಸಾಲಗಾಮೆಯ ಹತ್ತಿರ. ಅಲ್ಲಿಂದ ಅರಕಲಗೂಡು ಕಡೆಯ ರೈತರಿಗೆ ಸಸಿ ಹೊರಲು ಒಂದು ಗಾಡಿ ಸಾಕು. ಆ ಲೋಡು ಯಾರಿಗೆ ಸಿಗುತ್ತದೋ ಅವರ ಗಾಡಿ ವರ್ಷದ ಅರ್ಧ ಭಾಗ ಖಾಲಿ ನಿಲ್ಲುವುದಿಲ್ಲ. ನಾವಿಬ್ಬರೂ ಕೇಳಿದ್ದೆವು. ಸಿಕ್ಕಿದ್ದು ಅವನಿಗೆ.

ಅವನು ಮಾವನಿಗೆ ಅಳಿಯ ಮಾತ್ರವಲ್ಲ, ಸ್ವಂತ ಅಕ್ಕನ ಮಗ ಕೂಡ. ಹಾಗಾಗಿ ಮಾವ ಅವನನ್ನು ಕರೆಯುವುದು "ಲೇ, ಬಾರ್ಲಾ ಇಲ್ಲಿ" ಎಂದು. ನನ್ನನ್ನು ಕರೆಯುವುದು "ಬನ್ನಿ ಅಳಿಯಂದ್ರೆ, ಕೂತ್ಕಳಿ" ಎಂದು. ಹನ್ನೆರಡು ವರ್ಷ ಅಳಿಯನಾಗಿದ್ದರೂ ನನಗೆ ಒಂದು "ಲೇ" ಸಿಕ್ಕಿಲ್ಲ.

ಅವನು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬಾನೆಟ್ ಎತ್ತುತ್ತಾನೆ. ಆಯಿಲ್ ಕಡ್ಡಿಯನ್ನು ಎಳೆದು, ಹೆಬ್ಬೆರಳಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತಾನೆ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡುತ್ತಾನೆ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿ ಜಾಯಿಂಟುಗಳಿಗೆ ಗ್ರೀಸ್ ಹೊಡೆಯುತ್ತಾನೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳ ನಡುವೆ ಸಿಕ್ಕಿದ ಕೆಸರನ್ನು ಕಡ್ಡಿಯಿಂದ ಕೆದಕುತ್ತಾನೆ. ಅವನ ಗಾಡಿಯ ಬಾಗಿಲು ಹಾಕಿದರೆ ಒಂದೇ ಒಂದು ಮೆತ್ತನೆ ಸದ್ದು ಬರುತ್ತದೆ. ನನ್ನದನ್ನು ಎರಡು ಸಲ ಹಾಕಬೇಕು, ಏರು ಬಂದರೆ ಎಂಜಿನ್ ಕೆಮ್ಮುತ್ತದೆ. ಅವನನ್ನು ನೋಡಿ ನಾನೂ ಒಂದು ಗ್ರೀಸ್ ಗನ್ ತಂದೆ. ನನ್ನ ಕೈಗೆ ಹತ್ತಿದಷ್ಟು ಗ್ರೀಸ್ ಗಾಡಿಗೆ ಹತ್ತಲಿಲ್ಲ.

ಆ ಯುಗಾದಿಯ ಹಿಂದಿನ ಆಯುಧಪೂಜೆಗೆ ಎರಡೂ ಗಾಡಿಗಳು ಮಾವನ ಅಂಗಳದಲ್ಲಿ ಅಕ್ಕಪಕ್ಕ ನಿಂತಿದ್ದವು. ಬಾಳೆಕಂದು, ಸೇವಂತಿಗೆ ಹಾರ, ಕುಂಬಳಕಾಯಿ ಎಲ್ಲ ಎರಡಕ್ಕೂ ಸಮಾನವಾಗಿ ಆಯಿತು. ನೆಂಟರು ಮಾತ್ರ ಅವನ ಗಾಡಿಯ ಸುತ್ತ ಒಂದು ಸುತ್ತು ಬಂದು, ನನ್ನದರ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಊಟಕ್ಕೆ ಕೂತಾಗ ಅವನು ತನ್ನ ಹೊಸ ಉಪಾಯ ಹೇಳಿದ.

ಈಗಿನ ಡೀಸೆಲ್ ಗಾಡಿಗಳಲ್ಲಿ ಡೀಸೆಲ್ ಟ್ಯಾಂಕ್ ಅಲ್ಲದೆ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ. ಹೊಗೆ ಶುದ್ಧ ಮಾಡುವ ದ್ರವ ಅದರೊಳಗೆ. ಬಂಕಿನಲ್ಲಿ ಡಬ್ಬದಲ್ಲಿ ಸಿಗುತ್ತದೆ. ಅದು ಯೂರಿಯಾ ಮತ್ತು ನೀರು ಎಂದು ಡಬ್ಬದ ಮೇಲೆಯೇ ಬರೆದಿರುತ್ತದೆ.

"ಮನೇಲಿ ಮೂಟೆಗಟ್ಲೆ ಯೂರಿಯಾ ಮಡೀಕಂಡು, ಬಂಕಲ್ಲಿ ಯೂರಿಯಾ ನೀರಿಗೆ ದುಡ್ಡು ಕೊಡೋನು ಎಂಥ ರೈತ ಮಾವ?" ಎಂದ ಷಡ್ಡಕ. "ಊರಿನ ಫಿಲ್ಟರ್ ನೀರು ತಂದೆ. ಬಿಂದಿಗೇಲಿ ಕದಡಿದೆ. ಪಂಚೆ ಬಟ್ಟೇಲಿ ಸೋಸಿ ಉಯ್ದೆ. ಕುದುರೆ ಓಡ್ದಂಗೆ ಓಡ್ತಾ ಐತೆ."

"ಥೂ ನಿನ್ನ! ತಲೆ ಅಂದ್ರೆ ತಲೆ ಕಣ್ಲಾ ನಿಂದು," ಎಂದು ಮಾವ ಎಡಗೈಯಿಂದ ಅವನ ಬೆನ್ನು ತಟ್ಟಿದರು.

ನಾನು ಹೇಳಿದೆ: "ಆ ಮೂಟೆ ಮೇಲೆ ಬೇವಿನ ಎಣ್ಣೆ ಲೇಪನ ಅಂತ ಬರೆದಿರುತ್ತೆ ಕಣಪ್ಪ. ಅದು ಹೊಲಕ್ಕೆ. ಗಾಡಿಗೆ ಹಾಕಿದ್ರೆ ಒಳಗೆ ಕಟ್ಕೊಂಡ್ಬಿಡುತ್ತೆ."

"ಬೇವು ಒಳ್ಳೇದಲ್ವೇನಣ್ಣ? ಹೊಟ್ಟೆ ಹುಳ ಎಲ್ಲ ಸಾಯ್ತವೆ. ನಿಮ್ ಗಾಡೀಗೂ ಒಂದ್ ಚೊಂಬು ಕುಡ್ಸಿ, ಆ ಕೆಮ್ಮು ನಿಂತೋಯ್ತದೆ."

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಗು ಇಳಿಯುವ ಹೊತ್ತಿಗೆ ಮಾವ ಸೇರಿಸಿದರು: "ಹೊಟ್ಟೇಲಿ ಹುಳ ಇರೋದು ಗಾಡೀಗೋ, ನಮ್ಮ ಅಳಿಯಂದ್ರಿಗೋ?" ಮತ್ತೆ ನಗು ಎದ್ದಿತು. ನಾನು ಹೇಳಿದ್ದು ಸರಿಯಾಗಿತ್ತು. ನಾನು ಹೊಟ್ಟೆಕಿಚ್ಚಿನಿಂದ ಹೇಳಿದೆ ಎಂದು ಅವರು ತಿಳಿದದ್ದೂ ಸರಿಯಾಗಿತ್ತು.

ಆಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಾನು ಸಾಲಗಾಮೆಗೆ ಹೋದಾಗಲೆಲ್ಲ ಅವನ ಗಾಡಿಯ ಹಿಂದೆ ಬಗ್ಗಿ ಸೈಲೆನ್ಸರ್ ನೋಡುತ್ತಿದ್ದೆ. ಒಂದು ಸಲ ಮಾವ ಕಂಡು, "ಏನು ಬಿದ್ದೋಯ್ತು ಅಳಿಯಂದ್ರೆ?" ಎಂದು ಕೇಳಿದರು. ಏನೂ ಬಿದ್ದಿಲ್ಲ ಎಂದೆ. ಇನ್ನೊಂದು ಸಲ, ಲೋಡಿನ ದಿನಗಳಲ್ಲಿ ಗಂಡನ ಜೊತೆ ತವರಿನಲ್ಲೇ ಇರುತ್ತಿದ್ದ ನಾದಿನಿ ಕಾಫಿ ಲೋಟ ಹಿಡಿದು ನಾನು ಏಳುವ ತನಕ ಹಿಂದೆಯೇ ನಿಂತಿದ್ದಳು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಗಾಡಿ ಓಡುತ್ತಲೇ ಇತ್ತು. ನಾನು ಬಂಕಿನ ಡಬ್ಬ ಕೊಂಡು ಸುರಿಯುವಾಗಲೆಲ್ಲ ಅವನ ಬಿಂದಿಗೆ ನೆನಪಾಗುತ್ತಿತ್ತು.

ಆ ಸೋಮವಾರ ನಾನು ಟೀ ಅಂಗಡಿ ತಲುಪಿದಾಗ ಅವನು ಟ್ರೇಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಮುಖದಲ್ಲಿ ಚಿಂತೆ ಇರಲಿಲ್ಲ, ಅದೂ ನನಗೆ ಹಿಡಿಸಲಿಲ್ಲ. ಕ್ಯಾಬಿನ್ನಿನೊಳಗೆ ಮೀಟರಿನ ಗಾಜಿನ ಮೂಲೆಯಲ್ಲಿ ದೇವರ ಸ್ಟಿಕರ್ ಒಂದಿತ್ತು. ನಾನು ಉಗುರಿನಿಂದ ಕೆರೆದು ತೆಗೆದೆ. ಅದರಡಿಯಲ್ಲಿ ಸಣ್ಣ ಟ್ಯಾಂಕಿನ ಎಚ್ಚರಿಕೆಯ ಹಳದಿ ದೀಪ ಉರಿಯುತ್ತಿತ್ತು; ಅದನ್ನು ಕಡೆಗಣಿಸಿದರೆ ಒಂದು ದಿನ ಗಾಡಿ ಸ್ಟಾರ್ಟ್ ಆಗುವುದೇ ನಿಲ್ಲುತ್ತದೆ.

"ಇದು ಯಾವಾಗಿನಿಂದ ಉರೀತಿತ್ತು?"

"ಉರೀತಿತ್ತು ಅಂತಲೇ ದೇವರ್ನ ಅಂಟ್ಸಿದ್ದು ಕಣಣ್ಣ. ಕಣ್ಣಿಗೆ ಚುಚ್ತಿತ್ತು."

ಟೀ ಅಂಗಡಿಯವನೂ, ಬಸ್ಸಿಗೆ ಕಾಯುತ್ತಿದ್ದ ಇಬ್ಬರೂ ಕೈ ಹಾಕಿದರು. ಟ್ರೇಗಳು ಕೈಯಿಂದ ಕೈಗೆ ನನ್ನ ಗಾಡಿಗೆ ಬಂದವು. ಮಾವ ಫೋನಿನಲ್ಲಿ ಮೊದಲು ಕೇಳಿದ್ದು "ಸಸಿ ಬಾಡಿದ್ವಾ?" ಎಂದು, ಎರಡನೆಯದು "ಅವ್ನು ತಿಂಡಿ ತಿಂದ್ನಾ?" ಎಂದು. ನಾವು ಅರಕಲಗೂಡಿಗೆ ಹೋಗಿ ಸಸಿ ಇಳಿಸಿ ಬಂದು, ಟ್ರ್ಯಾಕ್ಟರೊಂದನ್ನು ಕರೆಸಿ ಹಗ್ಗ ಕಟ್ಟಿ ಅವನ ಗಾಡಿಯನ್ನು ಹಾಸನದ ವರ್ಕ್‌ಶಾಪಿಗೆ ಎಳೆಸಿದೆವು.

ದಾರಿಯಲ್ಲಿ ನನ್ನ ಹೆಂಡತಿ ಫೋನ್ ಮಾಡಿ, "ನೋಡಿ, ನಾನು ಹೇಳಿದ್ದೆ ಅನ್ನೋ ಮಾತು ನಿಮ್ ಬಾಯಿಂದ ಬರ್ಬಾರ್ದು," ಎಂದಳು. ಮೆಕ್ಯಾನಿಕ್ ಸಣ್ಣ ಟ್ಯಾಂಕಿನ ಪೈಪು ಬಿಚ್ಚಿ, ದ್ರವ ಚಿಮ್ಮುವ ನಳಿಕೆಯನ್ನು ಹೊರತೆಗೆದ. ಅದರ ಬಾಯಿಗೆ ಸುಣ್ಣದಂಥ ಬಿಳಿ ಗಡ್ಡೆ ಕಟ್ಟಿಕೊಂಡಿತ್ತು. ಅವನು ಮೂಸಿ ನೋಡಿ ಕೇಳಿದ:

"ಇದಕ್ಕೇನು ಕುಡ್ಸಿದ್ರಿ ಸಾ?"

"ಮನೇದೇ," ಎಂದ ಷಡ್ಡಕ. ಆಮೇಲೆ ನನ್ನ ಕಡೆ ತಿರುಗಿ, "ಬೇವು ವಸಿ ಜಾಸ್ತಿ ಆಯ್ತು ಕಣಣ್ಣ," ಎಂದು ತಾನೇ ನಕ್ಕ. ನಾನು ತಿಂಗಳುಗಳಿಂದ ಕಾದಿದ್ದ ಮಾತನ್ನು ಅವನೇ ಆಡಿ ಮುಗಿಸಿದ. ಪಂಪು, ನಳಿಕೆ ಎರಡೂ ಹೊಸದು ಬರಬೇಕು, ಕಾಯಬೇಕಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ.

ಸಂಜೆ ಸಾಲಗಾಮೆಯ ಮನೆಯಲ್ಲಿ ಬೇವಿನ ಮಾತು ಬರಲಿಲ್ಲ. "ಚೆನ್ನಾಗ್ ಓಡ್ತಿದ್ದ ಗಾಡಿ. ಯಾರ್ ಕಣ್ಣು ಬಿತ್ತೋ ಏನೋ," ಎಂದರು ಅತ್ತೆ. ನಾದಿನಿ ಯಾವ ಕೊಂಕೂ ಇಲ್ಲದೆ ಹೇಳಿದಳು: "ಭಾವ ಬಂದಾಗೆಲ್ಲ ಬಗ್ಗಿ ಬಗ್ಗಿ ನೋಡೋರು. ಅವರಿಗೆ ಮುಂಚೇನೆ ಏನೋ ಗೊತ್ತಾಗಿತ್ತೋ ಏನೋ." ಯಾರೂ ನನ್ನ ಕಡೆ ನೋಡಲಿಲ್ಲ. ಅತ್ತೆ ಒಣಮೆಣಸಿನಕಾಯಿ, ಕಲ್ಲುಪ್ಪು ಹಿಡಿದು ಬಂದು ಷಡ್ಡಕನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ನಿವಾಳಿಸಿದರು. ಅವನ ಗಾಡಿಯ ಕೀಯನ್ನೂ ನಿವಾಳಿಸಿದರು. ಎಲ್ಲವನ್ನೂ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಕೆಮ್ಮು ಬಂತು. ಘಾಟೇ ಇಲ್ಲ ಎಂದು ಅತ್ತೆ ಹೇಳಿದರು.

"ಅವನ ಗಾಡಿ ಬರೋಗಂಟ ಲೋಡು ನೀವೇ ಹೊಡೀರಿ ಅಳಿಯಂದ್ರೆ," ಎಂದರು ಮಾವ. ಲೋಡು ಕೈಗೆ ಬಂತು. ಅದನ್ನು ಉಳಿಸಿಕೊಳ್ಳುವುದಷ್ಟೇ ಬಾಕಿ ಎಂದುಕೊಂಡೆ.

ಮರುದಿನದಿಂದ ಷಡ್ಡಕನೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಬರತೊಡಗಿದ, ರೈತರ ತೋಟಗಳ ದಾರಿ ಗೊತ್ತಿದ್ದದ್ದು ಅವನಿಗೆ. ಮೊದಲ ದಿನ ಕೆಲವು ಟ್ರೇಗಳಲ್ಲಿ ಸಸಿಗಳ ಕತ್ತು ಮುರಿದಿತ್ತು. ಪಿಕಪ್ಪಿನ ಹಿಂದಿನ ಸ್ಪ್ರಿಂಗ್ ಭಾರಕ್ಕೆ ಮಾಡಿದ್ದು. ಸಸಿಯಂಥ ಹಗುರ ಲೋಡು ಹಾಕಿದರೆ ಹಳ್ಳ ಬಂದಲ್ಲೆಲ್ಲ ಎತ್ತಿ ಹಾಕುತ್ತದೆ. ಮರುದಿನ ಅವನು ಒದ್ದೆ ಮರಳಿನ ಚೀಲಗಳನ್ನು ತಂದು ಹಿಂದಿನ ಗಾಲಿಗಳ ಮೇಲಕ್ಕೆ ಸರಿಯಾಗಿ ಹಾಕಿದ. ಸಸಿ ಮುರಿಯುವುದು ನಿಂತಿತು. ನಾನು ಟೀ ಕುಡಿಯಲು ಇಳಿದಾಗ ಅವನು ನನ್ನ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ಪಶು ಆಹಾರದ ಹೊಟ್ಟು ಕೊಡವಿದ. ಎಂಜಿನ್ನಿನ ಕೆಮ್ಮು ನಿಂತಿತು. ಬಾಗಿಲಿನ ಕೀಲುಗಳಿಗೆ ಗ್ರೀಸ್ ಹಚ್ಚಿದ. ಬಾಗಿಲು ಒಂದೇ ಸಲಕ್ಕೆ ಹಾಕಿಕೊಂಡಿತು. ಆ ಸದ್ದು ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ಗಾಡಿಯೇ ಅವನ ಮಾತು ಕೇಳುತ್ತಿತ್ತು.

ಅರಕಲಗೂಡಿನ ಆಚೆ ಒಂದು ತೋಟದಲ್ಲಿ ಅಜ್ಜಿಯೊಬ್ಬರು ಟ್ರೇ ಎಣಿಸಿಕೊಳ್ಳುತ್ತಾ ಅವನನ್ನು ಕೇಳಿದರು: "ಏನ್ಲಾ ಮಗ, ಡ್ರೈವರ್ ಮಡೀಕಂಡಿದ್ದೀಯಾ?"

"ಡ್ರೈವರ್ ಅಲ್ಲ ಕಣಜ್ಜಿ, ನಮ್ಮಣ್ಣ."

"ಯಾರಾದ್ರೇನು, ಓಡ್ಸೋನು ಅವ್ನು, ಕೂತ್ಕಂಡು ಬರೋನು ನೀನು. ಚೆನ್ನಾಗೈತೆ ಕಣ ನಿನ್ ದರ್ಬಾರು."

ಅವನು ನಕ್ಕ. ನಾನು ಹಗ್ಗ ಸುತ್ತುತ್ತಿದ್ದೆ.

ಅವನ ಗಾಡಿ ವರ್ಕ್‌ಶಾಪಿನಿಂದ ಬಂದ ದಿನ ನಾನು ನರ್ಸರಿಯಲ್ಲಿ ಮಾವನ ಹತ್ತಿರ ನೇರವಾಗಿ ಕೇಳಿದೆ. ಮಳೆ ಹಿಡಿಯುವ ತನಕ ಲೋಡು ನಾನೇ ಮುಂದುವರಿಸಲಾ, ನನ್ನ ಗಾಡಿ ಒಂದು ದಿನವೂ ನಿಂತಿಲ್ಲ, ಮಾರ್ಗವೂ ಗೊತ್ತಾಗಿದೆ ಎಂದೆ. ಮಾವ ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟರು.

"ನಿಮ್ ಗಾಡೀಗೇನು ಕಮ್ಮಿ ಅಳಿಯಂದ್ರೆ. ಗಾಡಿ ಚೆನ್ನಾಗೇ ಐತೆ. ನೀವೂ ಚೆನ್ನಾಗೇ ಓಡ್ಸಿದ್ರಿ."

"ಮತ್ತೆ?"

"ನಿಮ್ಮತ್ತೆ ಒಂದ್ ಮಾತು ಅಂತಾವ್ಳೆ. ಬ್ಯಾಸರ ಮಾಡ್ಕಬ್ಯಾಡಿ." ಅವರು ನೆರಳು ಬಲೆಯ ಕೆಳಗಿನ ಟ್ರೇಗಳ ಕಡೆ ನೋಡಿದರು, ನನ್ನ ಕಡೆ ಅಲ್ಲ. "ಸಸಿ ಎಳೇವು. ಕಣ್ಣು ತಡೆಯಾಕಿಲ್ಲ."

ಹೊರಗೆ ಷಡ್ಡಕ ನನ್ನ ಗಾಡಿಯಿಂದ ಮರಳಿನ ಚೀಲಗಳನ್ನು ತನ್ನ ಗಾಡಿಗೆ ಎತ್ತಿ ಹಾಕುತ್ತಿದ್ದ. "ಒಂದು ಚೀಲ ನಿಮಗೂ ಬಿಡ್ಲಾ ಅಣ್ಣ?" ಎಂದು ಕೇಳಿದ. ಬೇಡ ಎಂದೆ.

ಈ ವರ್ಷವೂ ಯುಗಾದಿಯ ನಂತರ ಸಾಲಗಾಮೆಯಿಂದ ಅರಕಲಗೂಡಿಗೆ ಸಸಿ ಹೊರುತ್ತಿರುವುದು ಅವನ ಪಿಕಪ್. ನನ್ನದು ಚನ್ನರಾಯಪಟ್ಟಣ ಮತ್ತು ಶಾಂತಿಗ್ರಾಮದ ನಡುವೆ ಪಶು ಆಹಾರ ಸಾಗಿಸುತ್ತಿದೆ. ಕಳೆದ ಭಾನುವಾರ ನಾವು ಗಂಡ ಹೆಂಡತಿ ಸಾಲಗಾಮೆಗೆ ಊಟಕ್ಕೆ ಹೋದೆವು. ಷಡ್ಡಕ ಊಟದ ಪಂಕ್ತಿಯಲ್ಲಿದ್ದ. ಅವನ ಗಾಡಿ ಅಂಗಳದಲ್ಲಿರಲಿಲ್ಲ. ಮನೆಯ ಹಿಂದೆ, ಹಿತ್ತಲ ಗೋಡೆಗೆ ಒತ್ತಿ ನಿಲ್ಲಿಸಿ, ಮೇಲಿನಿಂದ ಗಾಲಿಯ ತನಕ ಟಾರ್ಪಾಲು ಹೊದಿಸಿದ್ದರು.