ದೊಡ್ಡಮ್ಮನ ಗಪ್ಪಿ ಕ್ಯಾಂಟೀನು

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳಾಗಿದ್ದಳು. ದಿನಕ್ಕೆ ಇನ್ನೂರು ಜನರಿಗೆ ಬೇಯಿಸಿದ ಕೈ ಅದು. ಇಬ್ಬರಿಗೆ ಸಾಕು ಎಂದರೆ ಕೇಳುವುದೇ ಇಲ್ಲ. ಅವಳು ನಿವೃತ್ತಿಯಾದ ಮೊದಲ ತಿಂಗಳು ದೊಡ್ಡಪ್ಪ ಉಂಡು ಉಂಡು ಎರಡು ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚಿಸಿದರು. ದೊಡ್ಡಮ್ಮ ಮಾತ್ರ ಸೊರಗಿದಳು. ಮಾಡಿದ್ದು ಉಳಿದರೆ ಅವಳಿಗೆ ಅಳುವೇ ಬರುತ್ತಿತ್ತು.

ಹೊತ್ತು ಹೋಗಲೆಂದು ನಾನೇ ಒಂದು ಗಾಜಿನ ತೊಟ್ಟಿ, ಆರು ಗಪ್ಪಿ ಮೀನು ತಂದುಕೊಟ್ಟೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಗಪ್ಪಿಗಳಿಗೆ ಮೊಟ್ಟೆಯಿಲ್ಲ, ಕಾವಿಲ್ಲ, ನೇರ ಮರಿ. ಅದೂ ತಿಂಗಳು ತಿಂಗಳು! ಹಸಿದ ತಾಯಿ ತನ್ನ ಮರಿಗಳನ್ನೇ ಒಂದಷ್ಟು ನುಂಗುವುದುಂಟು. ಆದರೆ ದಿನಕ್ಕೆ ಐದು ಸಲ ಬಡಿಸುವವಳಿದ್ದರೆ ಯಾವ ತಾಯಿಗೆ ಹಸಿವಾಗಬೇಕು? ಐದು ತಿಂಗಳಲ್ಲಿ ತೊಟ್ಟಿ ಸಂತೆಯಾಯಿತು, ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿತು.

"ಇಷ್ಟೊಂದಾದ್ರೆ ಹೇಗೆ ದೊಡ್ಡಮ್ಮಾ?"

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೇ?" ಎನ್ನುತ್ತಾ ಅವಳು ಇನ್ನೊಂದು ಚಿಟಿಕೆ ಉದುರಿಸಿದಳು.

ದೊಡ್ಡಪ್ಪ ಬಸ್ ಕಂಡಕ್ಟರು, ತಲೆ ಎಣಿಸುವುದರಲ್ಲಿ ಪಳಗಿದ ಕಣ್ಣು. ಒಂದು ಬೆಳಿಗ್ಗೆ ತೊಟ್ಟಿಯ ಮುಂದೆ ಕೂತು ಎಣಿಸಿಯೇಬಿಟ್ಟರು.

"ನೂರಾ ನಲವತ್ತು! ಇವು ಉಸಿರಾಡೋದು ಬೇಡ್ವಾ? ಭಾನುವಾರದೊಳಗೆ ಮೂವತ್ತಕ್ಕೆ ಇಳಿಸು. ಇಲ್ಲಾಂದ್ರೆ ತೊಟ್ಟಿ ಸಮೇತ ಅಂಗಡಿಗೆ ವಾಪಸ್ಸು."

ದೊಡ್ಡಮ್ಮನ ಮುಖ ಸಣ್ಣದಾಯಿತು. ಅಕ್ಕಪಕ್ಕದವರಿಗೆಲ್ಲ ಮೊದಲೇ ಬಾಟಲಿಗಟ್ಟಲೆ ಕೊಟ್ಟಾಗಿತ್ತು; ಈಗ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೀನಿನಂಗಡಿಯವನು ಉಪಾಯ ಹೇಳಿದ: ಮರಿ ತಿನ್ನುವ ದೊಡ್ಡ ಮೀನೊಂದನ್ನು ಒಳಗೆ ಬಿಡಿ, ತಾನಾಗಿ ಕಡಿಮೆಯಾಗುತ್ತವೆ. ಅಂಗೈಯಗಲದ ಮೀನು ಮನೆಗೆ ಬಂತು. ಪೈಲ್ವಾನನೆಂದು ಹೆಸರಿಟ್ಟೆವು.

"ಪಾಪ, ಹಸ್ಕೊಂಡು ಬಂದಿದೆ," ಎಂದು ದೊಡ್ಡಮ್ಮ ಹಿಡಿ ತುಂಬ ಮೀನಿನ ಕಾಳು ಸುರಿದಳು.

"ಅದು ಹಸಿದಿದ್ರೇ ತಾನೇ ಮರಿ ತಿನ್ನೋದು!" ಎಂದೆ ನಾನು.

"ಹಸಿದವರ ಮುಂದೆ ಮಕ್ಕಳನ್ನ ಬಿಡೋಕಾಗುತ್ತಾ? ಮೊದಲು ಊಟ ಆಗ್ಲಿ. ಆಮೇಲೆ ಅದರ ಕೆಲಸ ಅದು ಮಾಡ್ಕೊಳ್ಳತ್ತೆ."

ಊಟ ಆಯಿತು. ಮತ್ತೆ ಆಯಿತು. ನಾಲ್ಕೇ ದಿನದಲ್ಲಿ ಪೈಲ್ವಾನ ಹೊಟ್ಟೆ ಬೆಳೆಸಿ ಮೂಲೆ ಹಿಡಿದ, ಮರಿಗಳು ಅವನ ಮೂಗಿನ ಮುಂದೆಯೇ ಮುಟ್ಟಾಟ ಆಡಿದವು. ಕುರಿ ಕಾಯಲು ತೋಳನನ್ನು ಬಿಟ್ಟಂತೆ ಅನ್ನುತ್ತಾರೆ. ಇಲ್ಲಿ ತೋಳ ನಿಜವಾಗಿಯೂ ಕುರಿ ಕಾಯುತ್ತಿತ್ತು.

ಭಾನುವಾರ ದೊಡ್ಡಪ್ಪ ಎಣಿಸಿದರು. ನೂರಾ ಅರವತ್ತೆಂಟು! ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಪ್ಪ ನಗಲಿಲ್ಲ, ಬಕೆಟ್ಟು ತಂದರು.

"ತಗೊಂಡು ಹೋಗಿ," ಎಂದಳು ದೊಡ್ಡಮ್ಮ. "ಆದ್ರೆ ಒಂದು ಮಾತು ರೀ. ನನ್ನ ನೆರಳು ಕಂಡ್ರೆ ಸಾಕು, ಇವೆಲ್ಲ ಗಾಜಿನ ಹತ್ರ ಓಡಿ ಬರ್ತವೆ. ಕೆಲಸ ಬಿಟ್ಟ ಮೇಲೆ ನಾನು ಬಡಿಸ್ತೀನಿ ಅಂತ ಯಾರು ಕಾದಿದಾರೆ ಹೇಳಿ?"

ನನ್ನ ನಗು ಅಲ್ಲೇ ನಿಂತಿತು. ದೊಡ್ಡಪ್ಪ ಬಕೆಟ್ಟನ್ನು ಬಚ್ಚಲಿಗೆ ಒಯ್ದಿಟ್ಟು ಹೊರಗೆ ಹೋದರು.

ಮರುದಿನ ಮಧ್ಯಾಹ್ನ ಅವರ ಹಿಂದೆ ಡಿಪೋದ ಹದಿನಾಲ್ಕು ಜನ ಡ್ರೈವರು, ಕಂಡಕ್ಟರುಗಳು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇವರೆಲ್ಲ ಹೊರಗೆ ತಿಂದು ಹೊಟ್ಟೆ ಕೆಡಿಸ್ಕೊಂಡಿದಾರೆ ಕಣೇ. ಇನ್ಮೇಲೆ ದಿನಾ ಊಟಕ್ಕೆ ಇಲ್ಲೇ ಬರಬಹುದಾ ಅಂತ ಕೇಳ್ತಿದಾರೆ."

ದೊಡ್ಡಮ್ಮ ಅತ್ತಳು, ನಕ್ಕಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿದಳು. "ನಿಂತ್ಕೊಂಡ್ರೇನು, ಕೂತ್ಕೊಳ್ರಪ್ಪಾ!" ಎಂಬ ಅವಳ ಕೂಗು ಬೀದಿಗೆಲ್ಲ ಕೇಳಿಸಿತು.

ಆ ಗಲಾಟೆಯಲ್ಲಿ ತೊಟ್ಟಿಯ ಕಡೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಪೈಲ್ವಾನನಿಗೆ ಮೊಟ್ಟಮೊದಲ ಸಲ ಹಸಿವಾಯಿತು.