ದೊಡ್ಡಪ್ಪನ ಫೋನಿನ ರೂಟು

ಮೊನ್ನೆ ನಮ್ಮೂರ ಹತ್ತಿರದ ಮಧುರೆಯಿಂದ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹಿರಿಯರೊಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ಅವರು ಆಡಿದ್ದು ಕಡಿಮೆ. ಆ ಕಡೆಯವರ ಮಾತೇ ಬಸ್ಸಿಗೆಲ್ಲ ಕೇಳಿಸುತ್ತಿತ್ತು. ಹೆಣ್ಣು ನೋಡಲು ಬಂದವರು ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಅಂತ ಎದ್ದು ಹೋದರಂತೆ. ಪಕ್ಕದಲ್ಲಿದ್ದವರು ಮುಖ ಸಿಂಡರಿಸಿದರು. ಕಂಡಕ್ಟರು ಬಂದು ಸೌಂಡು ಸ್ವಲ್ಪ ಕಮ್ಮಿ ಮಾಡಿಕೊಳ್ಳಿ ಯಜಮಾನರೇ ಎಂದು ಹೇಳಿಹೋದ. ನನಗೆ ಮಾತ್ರ ಆ ಸದ್ದು ಹಿತವಾಗಿತ್ತು. ಕಿವಿಗೆ ಒತ್ತಿಕೊಂಡ ಫೋನಿನಿಂದ ಆಚೆಗೆ ಚೆಲ್ಲುವ ಅಂಥ ಒಡಕು ದನಿ ಕೇಳಿದಾಗಲೆಲ್ಲ ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಅವರ ಫೋನೂ, ಆ ಫೋನಿಗಾಗಿ ನಾನು ಬೆವರಿದ ಒಂದು ಮಧ್ಯಾಹ್ನವೂ ನೆನಪಾಗುತ್ತವೆ.

ನಮ್ಮ ದೊಡ್ಡಪ್ಪ ದೊಡ್ಡಬಳ್ಳಾಪುರದವರು, ಮಗ್ಗದವರು. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆ ಪವರ್‌ಲೂಮಿನ ಸದ್ದು ಇದ್ದರೆ ನಿದ್ದೆ, ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರ. ಅಂಥ ಸದ್ದಿನ ನಡುವೆ ದೊಡ್ಡಪ್ಪ ಮೀಸೆ ಚಿಗುರುವ ಮೊದಲಿನಿಂದ ತಲೆ ಹಣ್ಣಾಗುವವರೆಗೆ ನಿಂತಿದ್ದರು. ಮಗ್ಗಗಳು ಅವರಿಗೆ ಒಂದು ಮನೆ, ಮಗಳ ಓದು, ಒಬ್ಬ ತಂಗಿಯ ಮದುವೆ ಎಲ್ಲವನ್ನೂ ಕೊಟ್ಟವು. ಕಿವಿಯನ್ನು ತೆಗೆದುಕೊಂಡವು. ಮಗಳು ರತ್ನಕ್ಕ ಕಿವಿಗೆ ಮೆಷಿನ್ನು ಹಾಕಿಸಿದಳು. ಅದನ್ನು ಹಾಕಿಕೊಂಡರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ಕೇಳಿಸುತ್ತದೆ, ಮನುಷ್ಯರ ಮಾತು ಕೇಳಿಸುವುದಿಲ್ಲ ಎಂದು ಅವರ ದೂರು. ಫೋನನ್ನು ಹತ್ತಿರ ತಂದರಂತೂ ಅದು ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತಿತ್ತು. ಕೊನೆಗೆ ಮೆಷಿನ್ನು ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕಕ್ಕೆ ಹೋಗಿ ಕುಳಿತಿತು.

ಬೇರೆಯವರ ಮಾತು ಕೇಳಿಸದಿದ್ದರೆ ದೊಡ್ಡಪ್ಪನಿಗೆ ಅಂಥ ಬೇಸರವೇನೂ ಇರಲಿಲ್ಲ. ಎಷ್ಟೋ ಮಾತು ಕೇಳಿಸದಿದ್ದುದೇ ಒಳ್ಳೆಯದಾಯಿತು ಎನ್ನುತ್ತಿದ್ದರು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಬರುವ ಒಂದು ಫೋನು ಮಾತ್ರ ಅವರಿಗೆ ಬೇಕೇ ಬೇಕು. ಅದು ಆಂಧ್ರದ ಧರ್ಮಾವರದಿಂದ ಅವರ ತಂಗಿ, ಅಂದರೆ ನನ್ನ ಸೋದರತ್ತೆ, ಮಾಡುತ್ತಿದ್ದದ್ದು. ಅತ್ತೆಯನ್ನು ಅಲ್ಲಿನ ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟಿತ್ತು. ಅರ್ಧ ತೆಲುಗಾಗಿದ್ದ ಕನ್ನಡದಲ್ಲಿ ಅವರು ಅಲ್ಲಿಯದೆಲ್ಲ ವರದಿ ಒಪ್ಪಿಸುತ್ತಿದ್ದರು. ದೊಡ್ಡಪ್ಪ ಹೂಂ, ಹೂಂ ಎನ್ನುತ್ತಿದ್ದರು. ಹಳೆಯ ಬಟನ್ ಫೋನು ಇದ್ದಷ್ಟು ದಿನ ಅದು ಹೇಗೋ ನಡೆಯಿತು. ಅದು ಕೆಟ್ಟು ರತ್ನಕ್ಕ ದೊಡ್ಡ ಸ್ಕ್ರೀನಿನ ಹೊಸ ಫೋನು ತಂದುಕೊಟ್ಟ ಮೇಲೆ ದೊಡ್ಡಪ್ಪ ಸುಮ್ಮನಾಗತೊಡಗಿದರು. ಸದ್ದನ್ನು ಪೂರ್ತಿ ಏರಿಸಿದರೂ ತಂಗಿಯ ಮಾತು ಸೊಳ್ಳೆ ಗುಂಯ್‌ಗುಡುವ ಹಾಗೆ ಕೇಳುತ್ತಿತ್ತಂತೆ. ಆಗಲೂ ಹೂಂ ಎನ್ನುತ್ತಿದ್ದರು. ಒಂದು ದಿನ ಅತ್ತೆ ಯಾರೋ ತೀರಿಕೊಂಡ ಸುದ್ದಿ ಹೇಳಿದಾಗ 'ಒಳ್ಳೇದಾಯ್ತು ಬಿಡು' ಅಂದುಬಿಟ್ಟರು. ಆಮೇಲೆ ಒಂದಷ್ಟು ದಿನ ಧರ್ಮಾವರದಿಂದ ಫೋನು ಬರಲಿಲ್ಲ.

ಇಲ್ಲಿ ನನ್ನ ಪ್ರವೇಶ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಆದರೆ ಫೋನುಗಳ ಒಳಗೆ ಕೈ ಹಾಕುವ ಚಟ ಬಹಳ ಹಿಂದಿನದು. ಬೇರೆಯವರು ಗುಲಾಬಿ ಗಿಡ ಸಾಕುತ್ತಾರೆ, ನಾನು ಕೆಟ್ಟ ಫೋನು ಸಾಕುತ್ತೇನೆ. ಸುಮ್ಮನೆ ಬಿಟ್ಟರೆ ಮನೆಯ ಮಿಕ್ಸಿಯನ್ನೂ ರೂಟ್ ಮಾಡಿಬಿಟ್ಟಾರು ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ.

ರೂಟ್ ಅಂದರೇನು ಅಂತ ನೀವು ಕೇಳಬಹುದು. ಫೋನನ್ನು ನಾವು ಕೊಂಡರೂ ಅದರ ಒಳಕೋಣೆಯ ಬೀಗದಕೈ ಕಂಪನಿಯವರ ಬಳಿಯೇ ಇರುತ್ತದೆ. ಸದ್ದು ಎಲ್ಲಿಯವರೆಗೆ ಏರಬಹುದು ಎಂಬ ಗೆರೆಯನ್ನು ಅವರು ಆ ಕೋಣೆಯಲ್ಲೇ ಎಳೆದಿಟ್ಟಿರುತ್ತಾರೆ. ಆ ಬೀಗದಕೈಯನ್ನು ನಾವೇ ಮಾಡಿಸಿಕೊಂಡರೆ ಅದಕ್ಕೆ ರೂಟ್ ಮಾಡುವುದು ಎನ್ನುತ್ತಾರೆ. ದೊಡ್ಡಪ್ಪನ ಫೋನಿಗೆ ನಾನು ಮಾಡಿದ್ದು ಇಷ್ಟೇ: ಒಳಗೆ ಹೋಗಿ, ಕಿವಿಗಿಡುವ ಸ್ಪೀಕರಿನ ಗೆರೆಯನ್ನು ಇನ್ನಷ್ಟು ಮೇಲಕ್ಕೆ ಎಳೆದೆ. ಒಳ್ಳೆಯ ಫೋನು ಕೆಡಿಸಬೇಡ ಕಣೋ ಎಂದು ರತ್ನಕ್ಕ ಬಾಗಿಲಲ್ಲೇ ನಿಂತು ಹೇಳುತ್ತಿದ್ದಳು. ಅವಳು ದೇವನಹಳ್ಳಿಯಲ್ಲಿ ಬ್ಯಾಂಕಿನಲ್ಲಿ ಇರುವವಳು. ಬೀಗ, ಬೀಗದಕೈ ಇವುಗಳ ವಿಷಯದಲ್ಲಿ ಅವಳಿಗೆ ಖಚಿತವಾದ ಅಭಿಪ್ರಾಯಗಳಿದ್ದವು.

ಆ ಸಂಜೆ ನಾವೇ ಧರ್ಮಾವರಕ್ಕೆ ಫೋನು ಮಾಡಿದೆವು. ಅತ್ತೆ 'ಏಮಣ್ಣಯ್ಯಾ' ಎಂದದ್ದು ನಡುಮನೆಯಲ್ಲಿದ್ದ ನಮಗೆಲ್ಲ ಕೇಳಿಸಿತು. ದೊಡ್ಡಪ್ಪ ಫೋನನ್ನು ಕಿವಿಯಿಂದ ತೆಗೆದು ಒಂದು ಸಲ ನೋಡಿ ಮತ್ತೆ ಇಟ್ಟುಕೊಂಡರು. ಅವತ್ತಿನಿಂದ ಹೂಂಗಳು ಸರಿಯಾದ ಜಾಗದಲ್ಲಿ ಬೀಳತೊಡಗಿದವು. ಅದರ ಜೊತೆಗೇ ಧರ್ಮಾವರದ ಮನೆಯ ಗುಟ್ಟುಗಳೆಲ್ಲ ನಮ್ಮ ಬೀದಿಯ ಸೊತ್ತಾದವು. ಎದುರುಮನೆಯ ಹೆಂಗಸರು ಅತ್ತೆಯ ಸೊಸೆಯ ಪರವಾಗಿ ದೊಡ್ಡಪ್ಪನ ಹತ್ತಿರ ವಾದ ಮಾಡುವಷ್ಟು ಬಳಕೆ ಬೆಳೆಯಿತು.

ಆದರೆ ಕಂಪನಿಯವರು ಸುಮ್ಮನಿರುವುದಿಲ್ಲ. ಆಗಾಗ ಸಿಸ್ಟಂ ಅಪ್‌ಡೇಟ್ ಅಂತ ಕಳಿಸುತ್ತಾರೆ. ಮನೆ ರಿಪೇರಿ ಮಾಡಿಕೊಡುತ್ತಾರೆ, ಹೋಗುವಾಗ ಬೀಗ ಬದಲಿಸಿ ಹೋಗುತ್ತಾರೆ. ಮಾಡಿಕೊಳ್ಳದೆ ಬಿಡೋಣವೆಂದರೆ ಕಳ್ಳಕಾಕರ ಭಯ. ಮುದುಕರ ಫೋನಿಗೇ ಮೋಸದ ಕರೆ, ಮೋಸದ ಲಿಂಕು ಹೆಚ್ಚು. ಜೊತೆಗೆ ಆ ಸೂಚನೆ ದಿನಾ ಸ್ಕ್ರೀನಿನ ಮೇಲೆ ಬಂದು ನಿಲ್ಲುತ್ತಿತ್ತು. ತಿಳಿಯದ್ದೇನು ಕಂಡರೂ ದೊಡ್ಡಪ್ಪ ಅದರ ಫೋಟೋ ಹಿಡಿದು ಮಗಳಿಗೆ ಕಳಿಸುತ್ತಿದ್ದರು. ಸ್ಕ್ರೀನಿನದೇ ಫೋಟೋ ಹಿಡಿಯುವುದನ್ನು ರತ್ನಕ್ಕ ಒಮ್ಮೆ ಕಲಿಸಿ ಆಮೇಲೆ ಪಶ್ಚಾತ್ತಾಪಪಟ್ಟಿದ್ದಳು. ಬ್ಯಾಂಕಿನ ಕೆಲಸದ ನಡುವೆ ಅವಳಿಗೆ 'ಇದೇನಮ್ಮಾ' ಎಂಬ ಒಕ್ಕಣೆಯ ಚಿತ್ರಗಳು ಬರುತ್ತಲೇ ಇರುತ್ತಿದ್ದವು.

ಅಪ್‌ಡೇಟ್ ಆದರೂ ರೂಟ್ ಉಳಿಸಿಕೊಳ್ಳಲು ಒಂದು ದಾರಿ ಇದೆ. ಆ ಫೋನು ಹೊಸ ಸಿಸ್ಟಮನ್ನು ಬೇರೆ ಕಡೆ ಸಿದ್ಧಮಾಡಿ ಇಟ್ಟುಕೊಂಡು, ರೀಸ್ಟಾರ್ಟ್ ಆದಾಗ ಮಾತ್ರ ಅದಕ್ಕೆ ದಾಟುತ್ತದೆ. ಆ ನಡುವಿನ ಹೊತ್ತಿನಲ್ಲಿ ನಾವು ಹೊಸದರೊಳಕ್ಕೂ ರೂಟನ್ನು ಸೇರಿಸಿಬಿಡಬೇಕು. ಅದಕ್ಕೆ ಮೊದಲು ರೀಸ್ಟಾರ್ಟ್ ಮಾಡಿದರೆ ಕೆಟ್ಟಿತು. ಹಾಗೆಂದು ನಾನು ಅಪ್‌ಡೇಟ್ ಬಂದಾಗಲೆಲ್ಲ ಹೋಗಿ ಮುಂದೆ ಕುಳಿತು ಮಾಡಿಕೊಟ್ಟು ಬರುತ್ತಿದ್ದೆ. ಯಾವತ್ತೂ ತೊಂದರೆಯಾಗಿರಲಿಲ್ಲ. ಕೈ ಪಳಗಿದೆ ಎಂದು ನನಗೆ ಸ್ವಲ್ಪ ಜಂಬವೂ ಬಂದಿತ್ತು.

ದಸರಾ ರಜೆಯ ಒಂದು ಮಧ್ಯಾಹ್ನ ಹಾಗೆಯೇ ಹೋದೆ. ದೊಡ್ಡಪ್ಪ ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ವಾಕರ್ ಹಿಡಿದು ನಡುಮನೆಯಿಂದ ಜಗುಲಿಯವರೆಗೆ ಓಡಾಡುವಷ್ಟಾಗಿದ್ದರು. ಧರ್ಮಾವರದ ಅತ್ತೆಗೂ ಎದೆಯ ಆಪರೇಷನ್ ನಿಗದಿಯಾಗಿತ್ತು. ತಿರುಪತಿಯ ಆಸ್ಪತ್ರೆಯಲ್ಲಿ, ಮುಂದಿನ ವಾರ. ಅಣ್ಣನಿಗೆ ಹೋಗಲಾಗದ ಸಂಕಟ. ಅದನ್ನೇ ಮಾತಾಡುತ್ತ ನಾನು ಅಪ್‌ಡೇಟ್ ಶುರುಮಾಡಿ, ಫೋನನ್ನು ಅವರ ಪಕ್ಕ ಇಟ್ಟು, ಕಾಫಿ ಕಾಯಿಸಲು ಒಳಗೆ ಹೋದೆ. ಹಾಲು ಉಕ್ಕುವಷ್ಟರಲ್ಲಿ ಹೊರಗೆ ಬಂದರೆ ಫೋನಿನ ಸ್ಕ್ರೀನು ಕಪ್ಪಾಗಿತ್ತು.

ರೀಸ್ಟಾರ್ಟ್ ಮಾಡಬೇಕು ಅಂತ ಅದೇ ಕೇಳಿತು, ಒತ್ತಿದೆ ಎಂದರು ದೊಡ್ಡಪ್ಪ. ಕೇಳಿದವರಿಗೆ ಇಲ್ಲ ಅನ್ನುವ ಅಭ್ಯಾಸ ಅವರಿಗೆ ಇರಲಿಲ್ಲ.

ಫೋನು ಹೊಸ ಸಿಸ್ಟಮಿನಲ್ಲಿ ಅಚ್ಚುಕಟ್ಟಾಗಿ ಎದ್ದಿತು. ರೂಟ್ ಹೋಗಿತ್ತು, ಸದ್ದು ಸೊಳ್ಳೆಯದಾಗಿತ್ತು. ಆಗಲೂ ನಾನು ಗಾಬರಿಯಾಗಲಿಲ್ಲ. ನಿಧಾನವಾಗಿ ಮಾಡಿದರಾಯಿತು, ಅತ್ತೆಯ ಆಪರೇಷನ್ ಇರುವುದು ಮುಂದಿನ ವಾರ ತಾನೇ ಅಂದುಕೊಂಡೆ. ಅಷ್ಟರಲ್ಲಿ ನನ್ನ ಫೋನಿಗೆ ಅತ್ತೆಯ ಮಗ ಸೀನ ತಿರುಪತಿಯಿಂದ ಮಾಡಿದ. ಪರೀಕ್ಷೆಗೆಂದು ಕರೆತಂದಿದ್ದೆವು, ಡಾಕ್ಟರು ಕಾಯುವುದು ಬೇಡ ಎಂದಿದ್ದಾರೆ, ಬೆಳಿಗ್ಗೆಯೇ ಆಪರೇಷನ್, ಸಂಜೆಗೆ ಅಮ್ಮನನ್ನು ಒಳಗಿನ ವಾರ್ಡಿಗೆ ಹಾಕುತ್ತಾರೆ, ಆಮೇಲೆ ಫೋನು ಕೊಡುವುದಿಲ್ಲ ಎಂದ. ಒಳಗೆ ಹೋಗುವ ಮೊದಲು ಅಮ್ಮ ಮಾವನ ಹತ್ತಿರ ಮಾತಾಡಲೇಬೇಕಂತೆ. ಏನು ವಿಷಯವೋ ನನಗೆ ಹೇಳಲಿ, ನಾನು ತಿಳಿಸುತ್ತೇನೆ ಎಂದೆ.

'ನಾನೂ ಹಂಗೇ ಅಂದೆ ಬಾವ. ಬೇರೆಯೋರ ಬಾಯಲ್ಲಿ ಹೇಳ್ಸೋ ಮಾತಲ್ಲ, ಅಣ್ಣಯ್ಯನ ಕಿವೀಗೇ ಹಾಕ್ಬೇಕು ಅಂತಾರೆ,' ಎಂದ ಸೀನ.

ನನ್ನ ಫೋನನ್ನೇ ದೊಡ್ಡಪ್ಪನ ಕಿವಿಗಿಟ್ಟು ಅತ್ತೆಗೆ ಒಂದು ಮಾತಾಡಲು ಹೇಳಿದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಇಲ್ಲವೆಂದು ತಲೆಯಾಡಿಸಿದರು. ಯಾರೋ ಮಾತಾಡ್ತಾ ಇರೋದು ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗಲ್ಲ ಎಂದರು. ಸ್ಪೀಕರಿಗೆ ಹಾಕಿದೆ, ಇಯರ್‌ಫೋನು ಸಿಕ್ಕಿಸಿದೆ, ಊಹೂಂ. ದೇವರ ಗೂಡಿನಿಂದ ಮೆಷಿನ್ನನ್ನೂ ಇಳಿಸಿದೆ. ಅದರ ಸೆಲ್ಲು ಯಾವ ಕಾಲದಲ್ಲೋ ಸತ್ತಿತ್ತು. ಸಂಜೆ ಮಾತಾಡಿಸುತ್ತೇನೆ ಎಂದು ಸೀನನಿಗೆ ಹೇಳಿ ಲ್ಯಾಪ್‌ಟಾಪು ತರಲು ಮನೆಗೆ ಓಡಿದೆ.

ರೂಟ್ ಹೋದ ಫೋನಿಗೆ ಅದನ್ನು ಮತ್ತೆ ಕೊಡಬೇಕಾದರೆ ಅದು ಏಳುವಾಗ ಮೊದಲು ಓದುವ ಬೂಟ್ ಫೈಲು ಬೇಕು. ಅದಕ್ಕೆ ರೂಟನ್ನು ಬೆರೆಸಿ, ಕಂಪ್ಯೂಟರಿನಿಂದ ಫೋನಿಗೆ ಹಾಕಬೇಕು. ಆ ಫೈಲು ಹೊಸ ಅಪ್‌ಡೇಟಿಗೆ ಸರಿಯಾಗಿ ಸೇರಿದ್ದೇ ಆಗಿರಬೇಕು. ಒಂದಕ್ಷರ ಆಚೀಚೆಯಾದರೂ ಫೋನು ಏಳುವುದಿಲ್ಲ. ಇದನ್ನು ಎಷ್ಟೋ ಜನಕ್ಕೆ ಉಪದೇಶ ಮಾಡಿದ್ದ ನಾನು, ಅವಸರದಲ್ಲಿ ಹೆಸರು ನೋಡಿ ಇದೇ ಇರಬೇಕೆಂದು ಒಂದನ್ನು ಇಳಿಸಿಕೊಂಡು ಹಾಕಿಯೇ ಬಿಟ್ಟೆ. ಫೋನು ಕಂಪನಿಯ ಹೆಸರನ್ನು ತೋರಿಸಿತು. ಆರಿತು. ಮತ್ತೆ ತೋರಿಸಿತು. ಆರಿತು. ಹಾಗೆಯೇ ಮಾಡುತ್ತ ಕೂತಿತು. ಹತ್ತಿದ ಮೆಟ್ಟಿಲನ್ನೇ ಮತ್ತೆ ಮತ್ತೆ ಹತ್ತುವವರಂತೆ.

ದೊಡ್ಡಪ್ಪ ನೋಡುತ್ತಿದ್ದದ್ದು ಫೋನನ್ನಲ್ಲ, ನನ್ನ ಮುಖವನ್ನು. ಕಿವಿ ಕೇಳದವರು ಮುಖ ಓದುವುದರಲ್ಲಿ ನಿಸ್ಸೀಮರು. ಅದಕ್ಕಿಂತ ಅವರು ಬೈದಿದ್ದರೆ ವಾಸಿಯಿತ್ತು. ಸರಿಯಾದ ಫೈಲು ಯಾವುದು ಎಂದು ನೋಡೋಣವೆಂದರೆ ಆವೃತ್ತಿಯ ಹೆಸರು ಇರುವುದು ಏಳದ ಫೋನಿನ ಒಳಗೆ. ಅದೇ ಮಾದರಿಗೆ ಬೇರೆ ಬೇರೆ ದೇಶಗಳಿಗೆಂದು ಒಂದೇ ಹೆಸರಿನ, ಕೊನೆಯ ಅಕ್ಷರ ಮಾತ್ರ ಬೇರೆಯಾದ ಫೈಲುಗಳು ಸಾಲಾಗಿ ನಿಂತಿದ್ದವು. ಬೀದಿಯಲ್ಲಿ ಬಿಸಿಲು ಎದುರುಮನೆಯ ಗೋಡೆ ಹತ್ತುತ್ತಿತ್ತು. ನನ್ನ ಕೈಯ ಬೆವರಿಗೆ ಲ್ಯಾಪ್‌ಟಾಪಿನ ಕೀಲಿಗಳು ಜಾರುತ್ತಿದ್ದವು.

ರತ್ನಕ್ಕ ಬಂದಳು. ಸೀನ ಅವಳಿಗೂ ಹೇಳಿದ್ದನಂತೆ, ಬ್ಯಾಂಕಿನಿಂದ ಬೇಗ ಹೊರಟು ಬಂದಿದ್ದಳು. ನಾನು ಅವಳ ಕಣ್ಣು ತಪ್ಪಿಸಿ ಆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಚಪ್ಪಲಿ ಬಿಟ್ಟು, ಬ್ಯಾಗು ಇಳಿಸಿ, ನಿನಗೆ ಈಗ ಬೇಕಾಗಿರುವುದು ಏನು ಎಂದಷ್ಟೇ ಕೇಳಿದಳು. ಆ ಅಪ್‌ಡೇಟಿನ ಪೂರ್ತಿ ಹೆಸರು ಎಂದೆ.

ಅವಳು ತನ್ನ ಫೋನು ತೆಗೆದು ಸ್ವಲ್ಪ ಹೊತ್ತು ಮೇಲಕ್ಕೆ ಕೆಳಕ್ಕೆ ಸರಿಸಿದಳು. 'ಇದಾ ನೋಡು. ಮಧ್ಯಾಹ್ನ ಅಪ್ಪ ಕಳ್ಸಿದ್ರು. ನಾನು ತೆಗ್ದೂ ನೋಡಿರ್ಲಿಲ್ಲ ಕಣೋ.'

ನಾನು ಒಳಗೆ ಹಾಲು ಕಾಯಿಸುತ್ತಿದ್ದಾಗ, ಆ ಗುಂಡಿ ಒತ್ತುವ ಮೊದಲು, ದೊಡ್ಡಪ್ಪ ತಮ್ಮ ಪದ್ಧತಿಯಂತೆ ಚಿತ್ರ ಹಿಡಿದು 'ಇದೇನಮ್ಮಾ' ಎಂದು ಮಗಳಿಗೆ ಕಳಿಸಿದ್ದರು. ಅದರಲ್ಲಿ ಅಪ್‌ಡೇಟಿನ ಹೆಸರು ಮೊದಲಿನಿಂದ ಕೊನೆಯ ಅಕ್ಷರದವರೆಗೆ ಇತ್ತು. ನಾನು ಹಾಕಿದ್ದು ಬೇರೆ ಯಾವುದೋ ದೇಶದ್ದು.

ಸರಿಯಾದ ಫೈಲು ಇಳಿಯಿತು. ಈ ಸಲ ಅವಸರ ಮಾಡಲಿಲ್ಲ. ಏನೂ ಬೆರೆಸದ ಮೂಲ ಫೈಲನ್ನೇ ಮೊದಲು ಹಾಕಿದೆ. ಕಂಪನಿಯ ಹೆಸರು ಬಂದಿತು, ಆರಲಿಲ್ಲ. ಆಮೇಲೆ ದೊಡ್ಡಪ್ಪ ಸ್ಕ್ರೀನಿಗೆ ಹಾಕಿಕೊಂಡಿದ್ದ ಮೊಮ್ಮಗಳ ಫೋಟೋ ಬಂದಿತು. ರತ್ನಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅದೇ ಫೈಲಿಗೆ ರೂಟ್ ಬೆರೆಸಿ ಮತ್ತೆ ಹಾಕಿದಾಗಲೂ ಫೋನು ಎದ್ದಿತು. ಬೀಗ ತೆರೆಯಿತು, ಗೆರೆ ಮೇಲಕ್ಕೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ತಿರುಪತಿಯಿಂದ ಕರೆ ಬಂದಿತು.

ಅತ್ತೆ ಯಾವಾಗಿನಂತೆ ವರದಿ ಒಪ್ಪಿಸಲಿಲ್ಲ. ಅಣ್ಣಯ್ಯಾ, ಕೇಳ್ಸುತ್ತಾ ಎಂದು ಎರಡು ಸಲ ಕೇಳಿದರು. ಕೇಳ್ಸುತ್ತೆ ಹೇಳಮ್ಮಾ ಎಂದರು ದೊಡ್ಡಪ್ಪ. ಆಮೇಲೆ ಅತ್ತೆ ಹೇಳಿದ್ದು ನಮಗೂ ಕೇಳಿಸಿತು. ಆ ಫೋನಿನಲ್ಲಿ ಗುಟ್ಟು ಎಂಬುದೇ ಇರಲಿಲ್ಲವಲ್ಲ.

'ಅಮ್ಮನ ಆಪರೇಷನ್‌ಗೆ ನೀನು ಸೈನ್ ಹಾಕಿದ್ದಕ್ಕೇ ಅಮ್ಮ ಹೋದ್ಲು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಅಣ್ಣಯ್ಯ. ಒಂದಿನಾನೂ ಅಂದ್ಕೊಂಡಿಲ್ಲ. ನೀನು ಹಂಗೆ ಅಂದ್ಕೊಂಡಿದೀಯ ಅಂತ ನಂಗೊತ್ತು. ಇದು ಹೇಳ್ದೆ ಒಳಗೆ ಹೋಗೋಕೆ ನಂಗೆ ಆಗ್ಲಿಲ್ಲ.'

ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಮ್ಮಪ್ಪ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ, ಅತ್ತೆ ಲಂಗ ಉಡುವ ಹುಡುಗಿ. ಮನೆಗೆ ದೊಡ್ಡವರೆಂದು ಒಪ್ಪಿಗೆ ಕೊಟ್ಟವರು ದೊಡ್ಡಪ್ಪ. ಇಷ್ಟು ಮಾತ್ರ ನಮಗೆ ಗೊತ್ತಿತ್ತು. ಅದನ್ನು ಅವರು ಇಷ್ಟು ವರ್ಷ ಹೇಗೆ ಹೊತ್ತಿದ್ದರೆಂಬುದು ಮಗಳಿಗೂ ಗೊತ್ತಿರಲಿಲ್ಲ. ರತ್ನಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದಳು.

ದೊಡ್ಡಪ್ಪ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು. ಕೇಳಿಸಲಿಲ್ಲವೇನೋ ಎಂದು ನನಗೆ ಜೀವ ಹಾರಿತು. ಅತ್ತೆಯೂ ಅಣ್ಣಯ್ಯಾ, ಅಣ್ಣಯ್ಯಾ ಎಂದರು. ಕೊನೆಗೆ ದೊಡ್ಡಪ್ಪ ಬಾಯಿ ಬಿಟ್ಟರು.

'ಕೇಳಿಸ್ತು ಕಣಮ್ಮಾ. ಎಲ್ಲಾ ಕೇಳಿಸ್ತು. ನೀನು ಧೈರ್ಯವಾಗಿ ಹೋಗ್ಬಾ. ಬೆಳಿಗ್ಗೆ ಬರೀ ಹೊಟ್ಟೇಲಿ ಇರು ಅಂದಿರ್ತಾರೆ, ಕದ್ದು ಏನೂ ತಿನ್ಬೇಡ.'

ಆ ಕಡೆ ಅತ್ತೆ ಅಳುತ್ತಲೇ ನಕ್ಕರು. ಅದೂ ಬೀದಿಯವರೆಗೆ ಕೇಳಿಸಿತು.

ಮಾರನೆಯ ದಿನ ಮಧ್ಯಾಹ್ನ ಆಪರೇಷನ್ ಚೆನ್ನಾಗಿ ಆಯಿತೆಂದು ಸೀನ ತಿಳಿಸಿದ. ಆ ಸುದ್ದಿಯನ್ನು ನಾನು ದೊಡ್ಡಪ್ಪನಿಗೆ ಕೂಗಿ ಹೇಳಬೇಕಾಗಲಿಲ್ಲ. ಅವರು ನನ್ನ ಮುಖ ನೋಡಿಯೇ ದೇವರ ಗೂಡಿನ ಮುಂದೆ ವಾಕರ್ ನಿಲ್ಲಿಸಿ ಕೈಮುಗಿದು, ಜಗುಲಿಗೆ ಹೋಗಿ ಕುಳಿತರು. ಆಮೇಲೆ ಅವತ್ತೆಲ್ಲ ನಿದ್ದೆ ಮಾಡಿದರು.

ಈಗ ಆ ಫೋನಿಗೆ ವಯಸ್ಸಾಗಿದೆಯೆಂದು ಕಂಪನಿಯವರು ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ತಿಳಿದವರು ಇದು ಅಪಾಯ ಎನ್ನುತ್ತಾರೆ. ನಾನೂ ಬೇರೆಯವರಿಗೆ ಹಾಗೇ ಹೇಳುತ್ತೇನೆ. ಬ್ಯಾಂಕು ಗೀಂಕು ಅದರಲ್ಲಿ ಇಲ್ಲದಂತೆ ರತ್ನಕ್ಕ ನೋಡಿಕೊಂಡಿದ್ದಾಳೆ. ಇನ್ನು ಯಾರೂ ಬಂದು ಬೀಗ ಬದಲಿಸುವುದಿಲ್ಲವಲ್ಲ ಎಂದು ನನ್ನ ಮನಸ್ಸಿಗೆ ಮಾತ್ರ ನಿರಾಳ. ಜಂಬ ಆ ಮಧ್ಯಾಹ್ನವೇ ಇಳಿದುಹೋಗಿದೆ. ಈಗ ಯಾರಾದರೂ ಫೋನು ತಂದುಕೊಟ್ಟರೆ, ಇದರಲ್ಲಿ ಯಾರ ಜೊತೆ ಮಾತಾಡುತ್ತೀರಿ ಎಂದು ಮೊದಲು ಕೇಳುತ್ತೇನೆ.

ಅತ್ತೆ ಗಟ್ಟಿಯಾಗಿದ್ದಾರೆ. ಈ ತಿಂಗಳು ಅಣ್ಣನ ಮನೆಗೇ ಬಂದು ಇದ್ದಾರೆ. ಮೊನ್ನೆ ಆ ಬಸ್ಸಿಳಿದವನು ನಾನು ಹಾಗೆಯೇ ಅವರನ್ನು ನೋಡಿಕೊಂಡು ಹೋಗೋಣವೆಂದು ಹೋದೆ. ದೊಡ್ಡಪ್ಪ ಜಗುಲಿಯಲ್ಲಿ ಫೋನು ಕಿವಿಗಿಟ್ಟುಕೊಂಡು ಹೂಂ, ಹೂಂ ಎನ್ನುತ್ತಿದ್ದರು. ಅತ್ತೆಯ ದನಿ ಬೀದಿಗೆಲ್ಲ ಕೇಳಿಸುತ್ತಿತ್ತು. ಧರ್ಮಾವರಕ್ಕೆ ಯಾವಾಗ ವಾಪಸು ಹೋದರೋ ಎಂದುಕೊಂಡು ಒಳಗೆ ಕಾಲಿಟ್ಟರೆ, ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಅವರೆಕಾಯಿ ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಿದ್ದರು. ನನ್ನನ್ನು ನೋಡಿ ಫೋನನ್ನು ಸ್ವಲ್ಪ ಆಚೆಗೆ ಹಿಡಿದರು.

'ಎದುರಿಗೆ ಕೂತ್ರೆ ಏನೂ ಕೇಳ್ಸಲ್ವಪ್ಪಾ ಅಣ್ಣಯ್ಯಂಗೆ. ಹಿಂಗೇ ವಾಸಿ,' ಎಂದು ಹೇಳಿ ಮತ್ತೆ ಅಣ್ಣನ ಕಡೆಗೆ ಮಾತು ತಿರುಗಿಸಿದರು.